ಮುಖಪುಟಕ್ಕೆ ಹಳೆಯ ಚಿತ್ರ: ಯಾವುದನ್ನು ಧೈರ್ಯವಾಗಿ ಬಳಸಬಹುದು?

ಪ್ರಶ್ನೆ: ನನ್ನ ಕವನ ಸಂಕಲನ ಅಚ್ಚಿಗೆ ಸಿದ್ಧವಾಗಿದೆ. ಮುಖಪುಟಕ್ಕೆ ಹಳೆಯ ಕಾಲದ ಹೂವಿನದೋ ಚಿಟ್ಟೆಯದೋ ಚಿತ್ರ ಬೇಕು. ಹೊಸದಾಗಿ ಬರೆಸುವಷ್ಟು ಹಣವಿಲ್ಲ. ಗೂಗಲ್‌ನಲ್ಲಿ ರಾಶಿ ರಾಶಿ ಸಿಗುತ್ತವೆ, ಆದರೆ ಯಾವುದನ್ನು ಬಳಸಬಹುದು ಅಂತ ತಿಳಿಯುತ್ತಿಲ್ಲ. ದಾರಿ ತೋರಿಸಿ.

ಉತ್ತರ: ಮೊದಲು ಆ ಗೂಗಲ್ ಪುಟ ಮುಚ್ಚಿಬಿಡಿ. ಚಿತ್ರ ಬರೆದವರು ಯಾರು, ಯಾವಾಗ ಬರೆದರು, ಮೂಲ ಪ್ರತಿ ಎಲ್ಲಿದೆ? ಈ ಮೂರೂ ಗೊತ್ತಾಗದ ಚಿತ್ರವನ್ನು ನಾನಂತೂ ಯಾವ ಮುಖಪುಟಕ್ಕೂ ಹಾಕುವುದಿಲ್ಲ, ಅದು ಎಷ್ಟೇ ಚೆಂದ ಇರಲಿ. ಮೂರೂ ಒಟ್ಟಿಗೆ ಸಿಗುವುದು ಮ್ಯೂಸಿಯಂಗಳ ಸ್ವಂತ ವೆಬ್‌ಸೈಟಿನಲ್ಲಿ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ‘ಸಿಸಿ ಝೀರೋ’ ಗುರುತು ಹಾಕಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅಂದರೆ ಅನುಮತಿ ಕೇಳಬೇಕಿಲ್ಲ, ದುಡ್ಡು ಕೊಡಬೇಕಿಲ್ಲ, ಪುಸ್ತಕ ಮಾರಿ ಲಾಭ ಮಾಡಿದರೂ ತಕರಾರಿಲ್ಲ. ಅದರ ವೆಬ್‌ಸೈಟಿನಲ್ಲಿ ಜಪಾನಿನ ಕಲಾವಿದ ಹೊಕುಸಾಯ್ ಅವರ ದೊಡ್ಡ ಅಲೆಯ ಚಿತ್ರ ಹುಡುಕಿ ನೋಡಿ. ಕಲಾವಿದರ ಹುಟ್ಟು ಸಾವು 1760–1849, ಚಿತ್ರದ ಕಾಲ ಸುಮಾರು 1830–32, ಪಬ್ಲಿಕ್ ಡೊಮೇನ್ (ಅಂದರೆ ಕಾಪಿರೈಟ್ ಇಲ್ಲ) ಎಂಬ ಗುರುತು, ಡೌನ್‌ಲೋಡ್ ಬಾಣ, ಎಲ್ಲವೂ ಒಂದೇ ಪುಟದಲ್ಲಿದೆ. ಆ ಪುಟವನ್ನೂ ಉಳಿಸಿಟ್ಟುಕೊಳ್ಳಿ. ನಾಳೆ ಯಾರಾದರೂ ಕೇಳಿದರೆ ಅದೇ ನಿಮ್ಮ ರಸೀದಿ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್, ಕ್ಲೀವ್‌ಲ್ಯಾಂಡ್ ಮ್ಯೂಸಿಯಂ, ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ಕೂಡ ಹೀಗೇ ಕೊಡುತ್ತವೆ.

ಆದರೆ ನಿಮಗೆ ಬೇಕಿರುವುದು ಹೂವು, ಚಿಟ್ಟೆ ಅಲ್ವಾ? ಹಾಗಿದ್ದರೆ ನೇರವಾಗಿ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ವೆಬ್‌ಸೈಟಿಗೆ ಹೋಗಿ. ಗಿಡ, ಹಕ್ಕಿ, ಹುಳುಗಳ ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. ಮರಿಯಾ ಸಿಬಿಲ್ಲಾ ಮೆರಿಯನ್ ಹೆಸರು ಹಾಕಿ ಹುಡುಕಿ. 1699ರಲ್ಲಿ ಮಗಳ ಜೊತೆ ದಕ್ಷಿಣ ಅಮೆರಿಕದ ಸುರಿನಾಮಿಗೆ ಹಡಗು ಹತ್ತಿದ ಕಲಾವಿದೆ ಇವರು. 1705ರಲ್ಲಿ ಬಂದ ಇವರ ಪುಸ್ತಕದಲ್ಲಿ ಒಂದೇ ಗಿಡದ ಮೇಲೆ ಕಂಬಳಿಹುಳು, ಅದರ ಗೂಡು, ರೆಕ್ಕೆ ಬಿಚ್ಚಿದ ಚಿಟ್ಟೆ ಮೂರೂ ಇರುತ್ತವೆ. ಹುಳು ತಿಂದು ತೂತು ಮಾಡಿದ ಎಲೆಯನ್ನೂ ಹಾಗೇ ಬರೆದಿದ್ದಾರೆ. ಕವಿತೆಯ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಮುಖಪುಟ ನನಗೆ ತೋಚುವುದಿಲ್ಲ. ಒಂದು ಎಚ್ಚರಿಕೆ: ಆ ಲೈಬ್ರರಿಯಲ್ಲಿ ಕಾಪಿರೈಟ್ ಮುಗಿಯದ ಕೆಲವು ಪುಸ್ತಕಗಳೂ ಇವೆ. ಪ್ರತಿ ಪುಸ್ತಕದ ವಿವರದಲ್ಲಿ ಕಾಪಿರೈಟ್ ಸಾಲು ಓದಿಯೇ ಮುಂದುವರಿಯಿರಿ.

‘ಹಳೆಯದು’ ಅನಿಸಿದ್ದೆಲ್ಲ ಬಿಡುಗಡೆ ಆಗಿರುವುದಿಲ್ಲ. ಕಲಾವಿದರು ತೀರಿಕೊಂಡ ಮೇಲೆ ಭಾರತದಲ್ಲಿ 60 ವರ್ಷ, ಯುರೋಪಿನಲ್ಲಿ 70 ವರ್ಷ ಹಕ್ಕು ಉಳಿಯುತ್ತದೆ. ಪಿಕಾಸೊ ತೀರಿಕೊಂಡಿದ್ದು 1973ರಲ್ಲಿ. ಲೆಕ್ಕ ನೀವೇ ಹಾಕಿ. ಶಿಲ್ಪಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಶಿಲ್ಪ ಸಾವಿರ ವರ್ಷ ಹಳೆಯದಾದರೂ ಅದರ ಫೋಟೊ ಮೇಲೆ ಫೋಟೊಗ್ರಾಫರ್ ಹಕ್ಕು ಇರಬಹುದು. ‘ನಾನ್ ಕಮರ್ಷಿಯಲ್’ ಅಂತ ಬರೆದಿದ್ದರೆ ಮಾರುವ ಪುಸ್ತಕಕ್ಕೆ ಬೇಡವೇ ಬೇಡ.

ಅಚ್ಚಿಗೆ ಕೊಡುವ ಮುಂಚೆ ಅಳತೆ ನೋಡಿ. ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಎ4 ಪುಟ ತುಂಬಲು 2480 × 3508 ಪಿಕ್ಸೆಲ್ ಬೇಕು. ಪರದೆಯ ಮೇಲೆ ಚೆನ್ನಾಗಿ ಕಂಡಿತು ಅಂತ ಸಣ್ಣ ಫೈಲ್ ಕಳಿಸಿದರೆ ಕಾಗದದ ಮೇಲೆ ಮಸುಕಾಗುತ್ತದೆ.

ಪ್ರಶ್ನೆ: ಇಂಥ ಚಿತ್ರದ ಬಣ್ಣ ಬದಲಿಸಬಹುದೇ? ಹೆಸರು ಹಾಕಲೇಬೇಕೇ?

ಉತ್ತರ: ಸಿಸಿ ಝೀರೋ ಇದ್ದರೆ ಬಣ್ಣ ಬದಲಿಸಿ, ಕತ್ತರಿಸಿ, ಜೋಡಿಸಿ, ಅಡ್ಡಿಯಿಲ್ಲ. ಹೆಸರು ಹಾಕಬೇಕೆಂಬ ಕಟ್ಟುಪಾಡೂ ಇಲ್ಲ. ಆದರೂ ಹಾಕಿ ಅಂತಲೇ ಹೇಳುತ್ತೇನೆ. ಒಳಪುಟದಲ್ಲಿ ಕಲಾವಿದರ ಹೆಸರು, ಕೃತಿ, ವರ್ಷ, ಮ್ಯೂಸಿಯಂ ಅಂತ ಒಂದು ಸಾಲು ಸಾಕು. ಪುಸ್ತಕ ಹಿಡಿದ ಯಾರಿಗೋ ಮೆರಿಯನ್ ಯಾರು ಅಂತ ಹುಡುಕುವ ಆಸೆ ಹುಟ್ಟಬಹುದು.