ಮಾಸ್ಕ್ ಹಾಕಿದರೆ ಉಸಿರು ಕಟ್ಟುತ್ತದೆ: ಸ್ಪ್ರೇ ಪೇಂಟರ್ ಒಬ್ಬರ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ತೀರ್ಥಹಳ್ಳಿ ಕಡೆಯ 27 ವರ್ಷದ ಯುವಕ. ಶಿವಮೊಗ್ಗದ ಗ್ಯಾರೇಜೊಂದರಲ್ಲಿ ಆರು ವರ್ಷದಿಂದ ಕಾರಿಗೆ ಬಣ್ಣ ಹೊಡೆಯುವ ಕೆಲಸ. "ಮೇಡಂ, ಮಾಸ್ಕ್ ಹಾಕ್ಕಂಡು ಐದು ನಿಮಿಷಕ್ಕೆ ಉಸಿರು ಕಟ್ತದೆ, ಎದೆ ಡವಡವ ಅಂತದೆ, ಕಿತ್ತು ಹಾಕ್ತೀನಿ" ಎಂದರು. ಬರೀ ಮನಸ್ಸಿನ ಭಯ ಎಂದು ಮಾಲೀಕರೇ ನಮ್ಮಲ್ಲಿಗೆ ಆಪ್ತಸಲಹೆಗೆ ಕಳಿಸಿದ್ದರು. ಅಮ್ಮ ದೃಷ್ಟಿ ತೆಗೆದಾಗಿತ್ತು.

ಭಯ ಇದ್ದದ್ದು ನಿಜ. ಆದರೆ ಮಾಸ್ಕನ್ನೇ ನೋಡದೆ ಅದನ್ನು ಭಯ ಎಂದು ತೀರ್ಮಾನಿಸುವುದು ತಪ್ಪು. ಎರಡನೇ ಭೇಟಿಗೆ ಮಾಸ್ಕ್ ತರಲು ಹೇಳಿದೆವು.

ಮೂಗು, ಬಾಯಿ, ಗಲ್ಲ ಮುಚ್ಚುವ, ಎರಡು ಕಾರ್ಟ್ರಿಡ್ಜ್ (ಆವಿ ಹೀರುವ ಇದ್ದಿಲಿನ ಡಬ್ಬಿ) ಇರುವ ಅರ್ಧಮುಖದ ರಬ್ಬರ್ ಮಾಸ್ಕ್. ಚೀಲದಿಂದ ತೆಗೆಯುತ್ತಿದ್ದಂತೆ ಕೋಣೆಯಲ್ಲೆಲ್ಲ ಥಿನ್ನರ್ ವಾಸನೆ. ಕಾರ್ಟ್ರಿಡ್ಜ್ ಮುಂದೆ ಪೇಂಟಿನ ಹನಿ ತಡೆಯುವ ಪ್ರೀಫಿಲ್ಟರ್ ಮೇಲೆ ಪೇಂಟ್ ಕೂತು ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಉಸಿರು ಹೊರಹೋಗುವ ವಾಲ್ವಿನ ತೆಳು ರಬ್ಬರ್ ಬಿಲ್ಲೆಯ ಅಂಚಿನಲ್ಲಿ ಒಣಗಿದ ಪೇಂಟಿನ ಒಂದು ಹನಿ. ಹಾಗಾಗಿ ಬಿಲ್ಲೆ ಪೂರ್ತಿ ಕೂರುತ್ತಿರಲಿಲ್ಲ. ಫಿಲ್ಟರಿನಿಂದ ಗಾಳಿ ಬಾರದು, ಆ ಸಂದಿಯಿಂದ ಥಿನ್ನರ್ ಆವಿ ನೇರ ಒಳಗೆ. ಇದರ ಮೇಲೆ ಗಡ್ಡ, ಮಾಸ್ಕಿನ ಅಂಚು ಮುಖಕ್ಕೆ ಕೂರದು. ಕಾರ್ಟ್ರಿಡ್ಜ್ ಎಂಟು ತಿಂಗಳಿಂದ ಬದಲಾಗಿರಲಿಲ್ಲ, ರಾತ್ರಿಯಿಡೀ ಸ್ಪ್ರೇ ಗನ್ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ಕೆಲಸ ಇಲ್ಲದಾಗಲೂ ಒಳಗಿನ ಇದ್ದಿಲು ಸುತ್ತಲಿನ ಆವಿ ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯ ತೇವವೂ ಅದರೊಳಗೆ ಜಾಗ ಹಿಡಿಯುತ್ತದೆ; ತೇವಾಂಶ ಶೇ. 65 ದಾಟಿದ ಮೇಲೆ ಬಾಳಿಕೆ ಇಳಿಯುತ್ತಾ ಹೋಗುತ್ತದೆ.

ಅವರಿಗೆ ಉಸಿರು ಕಟ್ಟಿದ್ದು ನಿಜವಾಗಿಯೇ ಎಂದು ಹೇಳಿದಾಗ ಕಣ್ಣು ಒದ್ದೆಯಾಯಿತು.

ಇನ್ನೊಂದು ಪ್ರಶ್ನೆ ಬಾಕಿ ಇತ್ತು: ರಜೆ ದಿನ ಹೇಗಿರುತ್ತೆ? "ಊರಿಗೆ ಹೋದ್ರೆ ಎರಡು ದಿನಕ್ಕೆ ಕೆಮ್ಮೇ ಇರಲ್ಲ. ಕೆಲ್ಸ ಮಾಡಿದ್ ದಿನ ರಾತ್ರಿ ಜಾಸ್ತಿ." ಇದು ಆಪ್ತಸಲಹೆಯಲ್ಲಿ ಮುಗಿಯುವ ಮಾತಲ್ಲ. ಅವರು ಹೊಡೆಯುವುದು ಹಾರ್ಡ್‌ನರ್ ಬೆರೆಸುವ 2ಕೆ ಪೇಂಟ್. ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಅಸ್ತಮಾ ತರಬಲ್ಲದು, ಲಕ್ಷಣಗಳು ಗಂಟೆಗಟ್ಟಲೆ ತಡವಾಗಿಯೂ ಬರುತ್ತವೆ. ಅಪಾಯದ ಮಟ್ಟ ತಲುಪಿದರೂ ವಾಸನೆ ಎಚ್ಚರಿಸುವುದಿಲ್ಲ. ಒಮ್ಮೆ ಅಸ್ತಮಾ ಹಿಡಿದರೆ ಆಮೇಲೆ ಸ್ವಲ್ಪವೇ ತಾಗಿದರೂ ಕೆರಳುತ್ತದೆ. ಶ್ವಾಸಕೋಶ ತಜ್ಞರಲ್ಲಿಗೆ ಪತ್ರ ಕೊಟ್ಟು ಕಳಿಸಿದೆವು. ಸ್ಪೈರೊಮೆಟ್ರಿ (ಶ್ವಾಸಕೋಶದ ಊದುವ ಪರೀಕ್ಷೆ) ಜೊತೆಗೆ, ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರಿನಲ್ಲಿ ದಿನಕ್ಕೆ 4 ಸಲ ಊದಿ 4 ವಾರ ಬರೆದಿಡಬೇಕು, ರಜೆ ದಿನವೂ ತಪ್ಪಿಸದೆ. ವರದಿ ಬರುವವರೆಗೆ 2ಕೆ ಸ್ಪ್ರೇ ಬೇಡ, ಸ್ಪ್ರೇ ನಡೆಯುವ ಜಾಗದಲ್ಲಿ ನಿಲ್ಲುವುದೂ ಬೇಡ. ಅಲ್ಲಿಂದ ದೂರ ಪಾಲಿಷ್, ಮಾಸ್ಕಿಂಗ್ (ಬಣ್ಣ ತಾಗಬಾರದ ಭಾಗ ಮುಚ್ಚುವ) ಕೆಲಸ ಕೊಡಿ ಎಂದು ಅವರ ಒಪ್ಪಿಗೆ ಪಡೆದು ಮಾಲೀಕರಿಗೂ ತಿಳಿಸಿದೆವು. 2ಕೆ ಹೊಡೆಯುವವರಿಗೆ ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಕೊಡುವ ಮಾಸ್ಕೇ ಸರಿ ಎಂಬುದನ್ನೂ ಹೇಳಿದೆವು. ಅರ್ಧಮುಖದ ಮಾಸ್ಕ್ ಚೆನ್ನಾಗಿ ಕೂತರೂ ಒಳಬರುವ ವಿಷವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತದೆ, ಅಷ್ಟೇ.

ಇತರ ಪೇಂಟಿಗೆ ಹೊಸ ಮಾಸ್ಕ್ ಬಳಸುವ ಕ್ರಮವನ್ನು ಕನ್ನಡಿ ಮುಂದೆ ಮಾಡಿಸಿದೆವು. ಮಾಸ್ಕಿನ ಅಂಚು ಮುಖಕ್ಕೆ ಕೂರುವ ಜಾಗದಲ್ಲಿ ಗಡ್ಡ ಇರಕೂಡದು. ಮೀಸೆ ಆ ಅಂಚಿನ ಒಳಗೇ ಉಳಿದರೆ ಇರಲಿ. ಮಾಸ್ಕನ್ನು ಮುಖಕ್ಕಿಟ್ಟು ಮೇಲಿನ ಪಟ್ಟಿ ನೆತ್ತಿಗೆ, ಕೆಳಗಿನದು ಕತ್ತಿನ ಹಿಂದೆ. ಎರಡೂ ಬದಿ ಸಮನಾಗಿ ಎಳೆಯಬೇಕು. ಅತಿ ಬಿಗಿದರೆ ರಬ್ಬರ್ ಸೊಟ್ಟಗಾಗಿ ಮೂಗಿನ ಪಕ್ಕ ಸೋರುತ್ತದೆ. ಆಮೇಲೆ ಅಂಗೈಯಿಂದ ಕಾರ್ಟ್ರಿಡ್ಜ್ ಮುಚ್ಚಿ ಮೆಲ್ಲಗೆ ಉಸಿರೆಳೆದು 10 ಸೆಕೆಂಡ್ ಹಿಡಿದರೆ ಮಾಸ್ಕ್ ಮುಖಕ್ಕೆ ಅಂಟಿಕೊಂಡೇ ಇರಬೇಕು. ವಾಲ್ವ್ ಮುಚ್ಚಿ ಮೆಲ್ಲಗೆ ಉಸಿರು ಬಿಟ್ಟರೆ ಸ್ವಲ್ಪ ಉಬ್ಬಬೇಕು, ಅಂಚಿನಿಂದ ಗಾಳಿ ಹೋಗಬಾರದು. ಹಾಕಿದಾಗಲೆಲ್ಲ ಈ ಪರೀಕ್ಷೆ. ಪ್ರೀಫಿಲ್ಟರ್ ಉಸಿರಿಗೆ ಭಾರವಾದ ಕೂಡಲೇ ಬದಲಿಸಬೇಕು. ಕಾರ್ಟ್ರಿಡ್ಜ್ ತೆರೆದ ತಾರೀಖನ್ನು ಅದರ ಮೇಲೇ ಬರೆದು, ಬಳಸಿದ ಗಂಟೆ ಲೆಕ್ಕವಿಟ್ಟು ತಯಾರಕರು ಹೇಳಿದ ಅವಧಿಗೆ ತೆಗೆಯಬೇಕು. ಒಳಗೆ ವಾಸನೆ ಬಂತು ಎಂದರೆ ಆಗಲೇ ತಡವಾಗಿದೆ. ಕೆಲಸ ಮುಗಿದ ಮೇಲೆ ಕಾರ್ಟ್ರಿಡ್ಜ್ ಕಳಚಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮುಖಭಾಗಕ್ಕೆ ಉಗುರುಬೆಚ್ಚಗಿನ ಸೋಪು ನೀರು ಸಾಕು, ನೆರಳಲ್ಲಿ ಒಣಗಿಸಿ. ಥಿನ್ನರಿನಿಂದ ಒರೆಸಿದರೆ ರಬ್ಬರ್ ಹಾಳು.

ಭಯಕ್ಕೂ ಅಭ್ಯಾಸ ಕೊಟ್ಟೆವು, ಮನೆಯ ಶುದ್ಧ ಗಾಳಿಯಲ್ಲಿ. ಮೊದಲೆರಡು ದಿನ ಕಾರ್ಟ್ರಿಡ್ಜ್ ಇಲ್ಲದೆ, ಪಟ್ಟಿ ಕಟ್ಟದೆ, ಕೈಯಲ್ಲಿ ಹಿಡಿದು 1 ನಿಮಿಷ. ನಂತರ ಪಟ್ಟಿ ಕಟ್ಟಿ 5 ನಿಮಿಷ. ಆಮೇಲೆ ಕಾರ್ಟ್ರಿಡ್ಜ್ ಹಾಕಿ ಅಂಗಳ ಗುಡಿಸುತ್ತಾ 15, ಕೊನೆಗೆ 30. ನಾಲ್ಕು ಎಣಿಸುತ್ತಾ ಉಸಿರೆಳೆದು ಆರು ಎಣಿಸುತ್ತಾ ಬಿಡುವುದು. ಒಂದು ಹಂತ ನಿರಾಳವಾಗದೆ ಮುಂದಿನದು ಬೇಡ. ಪೇಂಟ್ ಮಾಡುವಾಗ ಗಾಬರಿಯಾದರೆ ಗನ್ ಕೆಳಗಿಟ್ಟು ಹೊರಗೆ ನಡೆದು, ಆಮೇಲೆ ಮಾಸ್ಕ್ ತೆಗೆಯಬೇಕು. ಒಳಗೇ ಕಿತ್ತರೆ ಏದುಸಿರಿನಲ್ಲಿ ಇನ್ನಷ್ಟು ಆವಿ ಒಳಹೋಗುತ್ತದೆ. ರಾತ್ರಿ ಆತಂಕ ಹೆಚ್ಚಾದರೆ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆ ಕೊಟ್ಟಿದ್ದೇವೆ. ಎದೆ ಬಿಗಿದು ಸುಯ್ ಎಂಬ ಸದ್ದು ಬಂದರೆ ಮಾತ್ರ ಫೋನಲ್ಲ, ನೇರ ಆಸ್ಪತ್ರೆ.

ನಾಲ್ಕನೇ ಭೇಟಿಗೆ ಗಡ್ಡ ತೆಗೆದು ಬಂದಿದ್ದರು. ಮಾಸ್ಕ್ ಹಾಕಿಕೊಂಡೇ 20 ನಿಮಿಷ ನಮ್ಮ ಜೊತೆ ಮಾತಾಡಿದರು. ಪೀಕ್ ಫ್ಲೋ ಪಟ್ಟಿ ತುಂಬಲು ಇನ್ನೂ 9 ದಿನ ಇದೆ. 2ಕೆ ಕೆಲಸದ ನಿರ್ಧಾರ ಅದಾದ ಮೇಲೆ, ವೈದ್ಯರದ್ದು.