ಗಾಸ್‌ಮನ್ ಮೊದಲಿನಿಂದಲೂ ಕಾಮಿಡಿ ನಟನಾ?

ಇಟಾಲಿಯನ್ ಸಿನಿಮಾ 'ಇಲ್ ಸೊರ್ಪಾಸೊ' ನೋಡಿ, ಅದರ ನಟ ವಿಟ್ಟೋರಿಯೊ ಗಾಸ್‌ಮನ್ ಶುರುವಿನಿಂದಲೂ ಕಾಮಿಡಿ ನಟನೇನಾ ಅಂತ ಕೇಳಿದ್ದೀರಿ. ಇಲ್ಲ, ಉಲ್ಟಾ. ಅವರು ಅಪ್ಪಟ ರಂಗಭೂಮಿಯವರು.

1922ರಲ್ಲಿ ಜಿನೋವಾದಲ್ಲಿ ಹುಟ್ಟಿದ್ದು, ರೋಮ್‌ನ ನಾಟಕ ಅಕಾಡೆಮಿಯಲ್ಲಿ ಕಲಿತದ್ದು. ಎತ್ತರದ ಆಳು, ಬಾಸ್ಕೆಟ್‌ಬಾಲ್ ಕೂಡ ಚೆನ್ನಾಗಿ ಆಡುತ್ತಿದ್ದರು. 1952ರಲ್ಲಿ ರಂಗದ ಮೇಲೆ ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಮಾಡಿದರು. ಆಮೇಲೆ 'ಒಥೆಲೊ'ದಲ್ಲಿ ಇನ್ನೂ ಮಜಾ. ಸಹನಟ ಸಾಲ್ವೊ ರಾಂಡೋನೆ ಜೊತೆ ಪಾತ್ರ ಅದಲು ಬದಲು ಮಾಡಿಕೊಳ್ಳುತ್ತಿದ್ದರು. ಒಂದು ರಾತ್ರಿ ನಾಯಕ ಒಥೆಲೊ, ಇನ್ನೊಂದು ರಾತ್ರಿ ಖಳ ಇಯಾಗೊ! ಎರಡರ ಮಾತೂ ಬಾಯಿಪಾಠ ಇರಬೇಕಲ್ವಾ?

ಸಿನಿಮಾದವರಿಗೆ ಮಾತ್ರ ಆಗ ಅವರು ಚೆಂದದ ವಿಲನ್ ಅಷ್ಟೇ. 'ರಿಸೊ ಅಮಾರೊ' (1949) ನೋಡಿದರೆ ಗೊತ್ತಾಗುತ್ತದೆ. ಆ ಇಮೇಜ್ ಒಡೆದದ್ದು 1958ರಲ್ಲಿ, ನಿರ್ದೇಶಕ ಮಾರಿಯೊ ಮೊನಿಚೆಲ್ಲಿ ಅವರ ಕಾಮಿಡಿ ಸಿನಿಮಾ 'ಇ ಸೊಲಿತಿ ಇನ್ಯೋತಿ'. ಇವರಿಂದ ಕಾಮಿಡಿ ಆಗುತ್ತಾ ಅಂತ ನಿರ್ಮಾಪಕರಿಗೇ ಅನುಮಾನ. ಮೊನಿಚೆಲ್ಲಿ ಮೇಕಪ್‌ನಲ್ಲಿ ಮೂಗು ಬದಲಿಸಿದರು, ಕೂದಲನ್ನು ಹಣೆಯ ಮೇಲೆ ಇಳಿಸಿದರು, ಮಾತಿಗೆ ತೊದಲು ಸೇರಿಸಿದರು. ಆ ಪೆದ್ದು ಬಾಕ್ಸರ್ ಪೆಪ್ಪೆಯನ್ನು ನೋಡಿದ ಮೇಲೆ ಹ್ಯಾಮ್ಲೆಟ್ ನೆನಪಾಗೋದೇ ಇಲ್ಲ.

ನೀವು ನೋಡಿದ 1962ರ 'ಸೊರ್ಪಾಸೊ' ಅದಾದ ಮೇಲಿನದು. ಆದರೆ ರಂಗ ಬಿಡಲಿಲ್ಲ. 1960ರಲ್ಲೇ ದೊಡ್ಡ ಡೇರೆ ಹಾಕಿ ಊರೂರಿಗೆ ನಾಟಕ ಒಯ್ದಿದ್ದರು.

ಮುಂದೆ 'ಪ್ರೊಫೂಮೊ ದಿ ದೊನ್ನಾ' (1974) ನೋಡಿ. ಕುರುಡು ಸೇನಾಧಿಕಾರಿಯ ಪಾತ್ರ, ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಹಾಲಿವುಡ್ ನಟ ಅಲ್ ಪಚೀನೊ ಆಸ್ಕರ್ ಗೆದ್ದದ್ದು ಇದರ ರೀಮೇಕ್‌ಗೆ. ನನಗೆ ಗಾಸ್‌ಮನ್ನೇ ಜಾಸ್ತಿ ಇಷ್ಟ, ಕಣ್ಣೀರಿಗೆ ಕೈ ಚಾಚೋದಿಲ್ಲ.