ಮೊದಲ ಕಥಾಸಂಕಲನ: ಪ್ರಕಾಶಕರಿಗೆ ಕೊಡಲಾ, ನಾನೇ ಅಚ್ಚು ಹಾಕಿಸಲಾ?

ಒಳ್ಳೆಯ ಪ್ರಕಾಶಕರು ಸಿಕ್ಕರೆ ಅವರಿಗೇ ಕೊಡಿ. ಅಚ್ಚು ಹಾಕಿಸುವುದು ಸುಲಭ. ಕರಡು ತಿದ್ದಿಸುವುದು, ಅಂಗಡಿಗಳಿಗೆ ಮುಟ್ಟಿಸುವುದು, ಅಲ್ಲಿಂದ ದುಡ್ಡು ವಸೂಲಿ ಮಾಡುವುದೇ ಜಾಸ್ತಿ ಕಷ್ಟ. ಆದರೆ ಪ್ರಕಾಶಕರು ನಿಮ್ಮಿಂದಲೇ ಖರ್ಚು ಕೇಳಿದರೆ ಅದು ಸ್ವಂತ ಪ್ರಕಟಣೆಯೇ ಅಲ್ವಾ? ಹೆಸರು ಮಾತ್ರ ಅವರದು.

ಒಪ್ಪಂದದಲ್ಲಿ ಹಕ್ಕಿನ ಅವಧಿಯನ್ನು ಮೊದಲು ನೋಡಿ. ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆಯದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ 5 ವರ್ಷ ಅಂತಲೇ ಲೆಕ್ಕ. ‘ಶಾಶ್ವತವಾಗಿ’ ಎಂದಿದ್ದರೆ ದಯವಿಟ್ಟು ಸಹಿ ಹಾಕಬೇಡಿ. ಆಡಿಯೋ, ಅನುವಾದ, ಸಿನಿಮಾ ಹಕ್ಕುಗಳು ನಿಮ್ಮ ಬಳಿಯೇ ಇರಲಿ.

ನೀವೇ ಹಾಕಿಸುವುದಾದರೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ. ಸುಮ್ನೆ 1000 ಪ್ರತಿ ತಂದು ಮನೆಯಲ್ಲಿ ಪೇರಿಸುವುದೂ ಬೇಡ. ಡಿಜಿಟಲ್ ಮುದ್ರಣದಲ್ಲಿ 100 ಪ್ರತಿಯಿಂದ ಶುರು ಮಾಡಬಹುದು.